ಕ್ಯಾಮೆರಾ ಇದೆ, ಪರ್ಮಿಷನ್ ಇಲ್ಲ: ಲಿನಕ್ಸ್‌ನಲ್ಲಿ ಯುಎಸ್‌ಬಿ ಕ್ಯಾಮೆರಾ ಯಾರ ಕೈಯಲ್ಲಿ?

ಇವತ್ತಿನ ವಿಷಯ ಚಿಕ್ಕದು, ಆದ್ರೆ ಕಾಡೋದು ಜಾಸ್ತಿ. ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿದ್ದೀರಿ, ಯುಎಸ್‌ಬಿ ಕ್ಯಾಮೆರಾ ಚುಚ್ಚಿದ್ದೀರಿ, ಆನ್‌ಲೈನ್ ಇಂಟರ್‌ವ್ಯೂಗೆ ಹತ್ತೇ ನಿಮಿಷ ಇದೆ. ಪರದೆ ಮಾತ್ರ ಕಪ್ಪು!

ರಾಯಚೂರು ಜಿಲ್ಲೆಯ ಮೂರು ಊರುಗಳ ಕೇಳುಗರು ಕಳಿಸಿದ ಮೂರು ಮೆಸೇಜ್ ನನ್ನ ಮುಂದಿವೆ. ಸಿಂಧನೂರು, ಲಿಂಗಸುಗೂರು, ಮಸ್ಕಿ. ಮೂವರ ದೂರೂ ಒಂದೇ, ಕ್ಯಾಮೆರಾ ಬರ್ತಿಲ್ಲ ಅಂತ. ಆದ್ರೆ ಕಂಪ್ಯೂಟರ್ ಅವರಿಗೆ ಕೊಟ್ಟ ಉತ್ತರ ಒಬ್ಬೊಬ್ಬರಿಗೆ ಒಂದೊಂದು. ಆ ಉತ್ತರ ಓದದೆ ಪರ್ಮಿಷನ್ ಮುಟ್ಟೋಕೆ ಹೋದ್ರೆ ಕೆಲಸವೂ ಆಗಲ್ಲ, ಅಪಾಯವೂ ಉಂಟು.

ಮೊದಲು ಒಂದು ಮೂಲ ಮಾತು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಯಂತ್ರದ ಭಾಗಗಳೂ ಫೈಲ್‌ಗಳಂತೆ ಕಾಣುತ್ತವೆ. ಲಿನಕ್ಸ್‌ನಲ್ಲಿ ಮೊದಲ ಕ್ಯಾಮೆರಾದ ವಿಳಾಸ ಸಾಮಾನ್ಯವಾಗಿ 'ಸ್ಲ್ಯಾಶ್ ಡೆವ್ ಸ್ಲ್ಯಾಶ್ ವಿಡಿಯೊ ಸೊನ್ನೆ'. ಫೈಲ್ ಅಂದ ಮೇಲೆ ಅದಕ್ಕೊಬ್ಬ ಯಜಮಾನ, ಒಂದು ಗುಂಪು, ಆಮೇಲೆ ಉಳಿದವರು. ಯಾರು ಓದಬಹುದು, ಯಾರು ಬರೆಯಬಹುದು ಅನ್ನೋದೆಲ್ಲ ಒಂದೇ ಸಾಲಿನಲ್ಲಿ ಇರುತ್ತೆ.

ಈಗ ಸಿಂಧನೂರಿನ ಪ್ರಶ್ನೆ. ಅಲ್ಲಿ ಬಂದ ಸಂದೇಶ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ'. ಅಂದ್ರೆ ಆ ವಿಳಾಸದಲ್ಲಿ ಕ್ಯಾಮೆರಾನೇ ಇಲ್ಲ. ಪರ್ಮಿಷನ್ ಮಾತು ಇಲ್ಲಿ ಬರೋದೇ ಇಲ್ಲ. ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಯುಎಸ್‌ಬಿ' ಅಂತ ಒತ್ತಿ. ಪಟ್ಟಿಯಲ್ಲಿ ಕ್ಯಾಮೆರಾ ಇಲ್ಲದಿದ್ರೆ ಕೇಬಲ್ ನೋಡಿ, ಹಬ್ ತೆಗೆದು ನೇರವಾಗಿ ಚುಚ್ಚಿ. ಪಟ್ಟಿಯಲ್ಲಿದ್ದೂ ವಿಳಾಸ ಹುಟ್ಟಿಲ್ಲ ಅಂದ್ರೆ ಡ್ರೈವರ್ ಕಡೆ ನೋಡಬೇಕು. 'ಯುವಿಸಿ' ಅನ್ನೋ ಮಾನದಂಡ ಪಾಲಿಸುವ ಕ್ಯಾಮೆರಾಗಳಿಗೆ ಬೇಕಾದ ಡ್ರೈವರ್ 2008ರಿಂದಲೇ ಲಿನಕ್ಸ್ ಕರ್ನೆಲ್ ಒಳಗಿದೆ.

ಲಿಂಗಸುಗೂರಿನಲ್ಲಿ ಬಂದದ್ದು 'ಡಿವೈಸ್ ಆರ್ ರಿಸೋರ್ಸ್ ಬಿಸಿ'. ಇಲ್ಲೂ ಪರ್ಮಿಷನ್ ತಪ್ಪಿಲ್ಲ. ಬೇರೆ ಯಾವುದೋ ಪ್ರೋಗ್ರಾಂ ಕ್ಯಾಮೆರಾ ಹಿಡಿದುಕೊಂಡು ಕೂತಿದೆ. ಬೆಳಗಿನ ಮೀಟಿಂಗ್‌ನ ಟ್ಯಾಬ್ ಇನ್ನೂ ತೆರೆದಿದೆಯಾ ನೋಡಿ. 'ಎಫ್‌ಯೂಸರ್ ಡ್ಯಾಶ್ ವಿ' ಅಂತ ಬರೆದು ಮುಂದೆ ಕ್ಯಾಮೆರಾ ವಿಳಾಸ ಕೊಟ್ರೆ, ಹಿಡಿದವರು ಯಾರು ಅಂತ ತೋರಿಸುತ್ತೆ. ಬೇರೆ ಯೂಸರ್‌ನ ಪ್ರೋಗ್ರಾಂ ಇದ್ರೆ ಮುಂದೆ 'ಸುಡೊ' ಸೇರಿಸಿ.

ಮಸ್ಕಿಯ ಮೆಸೇಜ್ ಹೀಗಿದೆ: 'ಮುಂದ ಕೂತ್ರ ಕ್ಯಾಮೆರಾ ಬರ್ತದ. ಮನಿಯಿಂದ ಎಸ್‌ಎಸ್‌ಎಚ್ ಮಾಡಿ ಒಳಗ ಹೋದ್ರ ಪರ್ಮಿಷನ್ ಡಿನೈಡ್ ಅಂತದ. 777 ಕೊಟ್ರ ಆಗ್ತದೇನ್ರಿ?' ಕಂಪ್ಯೂಟರ್ ಇರೋದು ಹುಡುಗ ಹುಡುಗಿಯರು ಕೂತು ಪರೀಕ್ಷೆಗೆ ಓದುವ ಒಂದು ಕೋಣೆಯಲ್ಲಿ. ಅದರಲ್ಲಿ ನಾಲ್ಕು ಜನರ ಅಕೌಂಟ್ ಇದೆಯಂತೆ.

ಇದನ್ನ ಸ್ವಲ್ಪ ನಿಧಾನಕ್ಕೆ ನೋಡೋಣ. 'ಎಲ್‌ಎಸ್ ಡ್ಯಾಶ್ ಎಲ್' ಅಂತ ಬರೆದು ಕ್ಯಾಮೆರಾ ವಿಳಾಸ ಕೊಡಿ. ಉಬುಂಟು, ಮಿಂಟ್‌ನಂಥ ವ್ಯವಸ್ಥೆಗಳಲ್ಲಿ ಸಾಲು 'ಸಿ' ಅಕ್ಷರದಿಂದ ಶುರುವಾಗುತ್ತೆ. ಆಮೇಲೆ 'ಆರ್‌ಡಬ್ಲ್ಯೂ' ಎರಡು ಸಲ, ನಂತರ ಬರೀ ಗೆರೆಗಳು, ಕೊನೆಗೆ ಒಂದು ಪ್ಲಸ್ ಗುರುತು. ಮುಂದೆ 'ರೂಟ್', 'ವಿಡಿಯೊ' ಅಂತ ಎರಡು ಹೆಸರು. ಅರ್ಥ ಇಷ್ಟು: ಯಜಮಾನ ರೂಟ್‌ಗೆ ಓದು ಬರಹ ಎರಡೂ ಇದೆ. ವಿಡಿಯೊ ಅನ್ನೋ ಗುಂಪಿನವರಿಗೂ ಇದೆ. ಉಳಿದವರಿಗೆ ಏನೂ ಇಲ್ಲ.

ಹಾಗಾದ್ರೆ ಗುಂಪಿನಲ್ಲಿ ಇಲ್ಲದಿದ್ರೂ ಮುಂದೆ ಕೂತವರಿಗೆ ಕ್ಯಾಮೆರಾ ಹೇಗೆ ಬಂತು? ಅದೇ ಪ್ಲಸ್ ಗುರುತಿನ ಕೆಲಸ. ಪರದೆಯ ಮುಂದೆ ಲಾಗಿನ್ ಆಗಿ ಕೂತವರಿಗೆ ಸಿಸ್ಟಂ ತಾನೇ ತಾತ್ಕಾಲಿಕ ಪರ್ಮಿಷನ್ ಕೊಡುತ್ತೆ. ಅವರು ಎದ್ದು ಹೋಗಿ ಇನ್ನೊಬ್ಬರು ಲಾಗಿನ್ ಆದ್ರೆ ಆ ಪರ್ಮಿಷನ್ ಹೊಸಬರಿಗೆ ಹೋಗುತ್ತೆ. 'ಗೆಟ್‌ಎಫ್‌ಎಸಿಎಲ್' ಅಂತ ಕೇಳಿದ್ರೆ ಈಗ ಯಾರ ಹೆಸರಿದೆ ಅಂತ ಗೊತ್ತಾಗುತ್ತೆ. ದೂರದಿಂದ ಬಂದವರು ಕುರ್ಚಿಯಲ್ಲಿ ಕೂತಿಲ್ಲವಲ್ಲ, ಅದಕ್ಕೇ 'ಡಿನೈಡ್'. ಇದು ದೋಷ ಅಲ್ಲ, ಬೇಲಿ. ಮನೆಯಲ್ಲಿ ಕೂತವರು ಕೋಣೆಯಲ್ಲಿ ಓದುತ್ತಿರುವವರನ್ನು ಕದ್ದು ನೋಡಬಾರದು ಅಂತ ಹಾಕಿದ ಬೇಲಿ.

777 ಕೊಟ್ರೆ? ಆ ನಾಲ್ಕೂ ಅಕೌಂಟ್‌ನವರು, ಅವರು ಓಡಿಸುವ ಯಾವುದೇ ಪ್ರೋಗ್ರಾಂ, ಎಲ್ಲಿಂದ ಬೇಕಾದ್ರೂ ಆ ಕ್ಯಾಮೆರಾ ತೆರೆಯಬಹುದು. ಒಬ್ಬರ ಪಾಸ್‌ವರ್ಡ್ ಸೋರಿದ್ರೂ ಸಾಕು. ಸಾಲದ್ದಕ್ಕೆ ಅದು ಉಳಿಯೋದೂ ಇಲ್ಲ. ಕ್ಯಾಮೆರಾ ಕಿತ್ತು ಮತ್ತೆ ಹಾಕಿದ್ರೆ, ಇಲ್ಲವೇ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ್ರೆ ಆ ಫೈಲ್ ಹೊಸದಾಗಿ ಹುಟ್ಟುತ್ತೆ, ಹಳೇ ನಿಯಮ ವಾಪಸ್ ಬರುತ್ತೆ.

ನಿಜಕ್ಕೂ ಬೇಕೇ ಬೇಕು ಅಂದ್ರೆ ಒಬ್ಬರನ್ನು ವಿಡಿಯೊ ಗುಂಪಿಗೆ ಸೇರಿಸಬಹುದು. 'ಸುಡೊ ಯೂಸರ್‌ಮಾಡ್ ಡ್ಯಾಶ್ ಎ ಜಿ ವಿಡಿಯೊ', ಮುಂದೆ ಅವರ ಯೂಸರ್ ಹೆಸರು. ಇಲ್ಲಿ 'ಎ' ಸಣ್ಣಕ್ಷರ, 'ಜಿ' ದೊಡ್ಡಕ್ಷರ. ಆ 'ಎ' ಮರೆತರೆ ಅವರು ಇದ್ದ ಉಳಿದ ಗುಂಪುಗಳಿಂದೆಲ್ಲ ಹೊರಬೀಳ್ತಾರೆ, ಸುಡೊ ಅಧಿಕಾರವೂ ಹೋಗಬಹುದು. ಲಾಗೌಟ್ ಆಗಿ ಮತ್ತೆ ಲಾಗಿನ್ ಆದ ಮೇಲೆ ಇದು ಜಾರಿಗೆ ಬರುತ್ತೆ. ತೆಗೆಯೋಕೆ 'ಜಿಪಾಸ್‌ಡಬ್ಲ್ಯೂಡಿ ಡ್ಯಾಶ್ ಡಿ' ಇದೆ. ಆದ್ರೆ ಗುಂಪಿಗೆ ಸೇರಿದವರಿಗೆ ದೂರದಿಂದಲೂ ಕ್ಯಾಮೆರಾ ಸಿಗುತ್ತೆ. ಹಾಗಾಗಿ ಕಮಾಂಡ್ ಒತ್ತುವ ಮೊದಲು ಆ ಕೋಣೆಯಲ್ಲಿ ಕೂರುವವರನ್ನು ಕೇಳಿ. ಬೇಡ ಅಂದ್ರೆ ಬೇಡ.

ಇದನ್ನೇ ನೀವು ಕೈಯಲ್ಲಿ ಹಿಡಿದು ಓಡಾಡ್ತಿದ್ದೀರಿ ನೋಡ್ರಿ. ಆಂಡ್ರಾಯ್ಡ್ ಕೂಡ ನಿಂತಿರೋದು ಲಿನಕ್ಸ್ ಕರ್ನೆಲ್ ಮೇಲೆ. ಅಲ್ಲಿ ಪ್ರತಿ ಆ್ಯಪ್‌ಗೂ ಬೇರೆಯದೇ ಯೂಸರ್ ನಂಬರ್ ಇರುತ್ತೆ. 2015ರ ಆಂಡ್ರಾಯ್ಡ್ 6ರಿಂದ ಕ್ಯಾಮೆರಾ ಬೇಕಾದಾಗ ಆ್ಯಪ್ ನಿಮ್ಮನ್ನು ಕೇಳಬೇಕು. 2021ರ ಆಂಡ್ರಾಯ್ಡ್ 12ರಿಂದ ಕ್ಯಾಮೆರಾ ಓಡುವಾಗ ಪರದೆಯ ಮೂಲೆಯಲ್ಲಿ ಹಸಿರು ಗುರುತು ಬರುತ್ತೆ. 'ಅಲೋ' ಅಂತ ಕಣ್ಣು ಮುಚ್ಚಿ ಒತ್ತೋದೂ 777 ಕೊಡೋದೂ ಒಂದೇ ಅಭ್ಯಾಸ.

ಲಿನಕ್ಸ್ ಬರೀ ತಜ್ಞರಿಗೆ ಅಂತ ಅನ್ಕೋಬೇಡಿ. ಕಾಸರಗೋಡಿನ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಮಕ್ಕಳು ಕಲಿಯೋದು ಕೇರಳದ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಸಿದ್ಧಪಡಿಸಿದ ವ್ಯವಸ್ಥೆಯಲ್ಲಿ. ಅಲ್ಲಿನ ಹೈಟೆಕ್ ಶಾಲಾ ಯೋಜನೆಯಲ್ಲಿ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಜೊತೆ ವೆಬ್‌ಕ್ಯಾಮ್ ಕೂಡ ಶಾಲೆಗಳಿಗೆ ಹೋಗಿದೆ. ನಮ್ಮ ಮೂರು ಊರಿನ ಪ್ರಶ್ನೆಗಳು ಅಲ್ಲೂ ಏಳೋವಂಥವೇ.

ಕೊನೆಯ ಕೆಲಸ, ಬರೆದಿಡೋದು. ಹಂಚಿಕೊಂಡು ಬಳಸುವ ಕಂಪ್ಯೂಟರ್ ಪಕ್ಕ ಒಂದು ನೋಟ್‌ಬುಕ್ ಇಡಿ. ಅದರಲ್ಲಿ ನಾಲ್ಕು ವಿಷಯ ಸಾಕು:

ಒಂದು, ತಾರೀಖು ಮತ್ತು ಕ್ಯಾಮೆರಾದ ಎಲ್‌ಎಸ್‌ಯುಎಸ್‌ಬಿ ನಂಬರ್.
ಎರಡು, ಬದಲಾವಣೆಗೆ ಮೊದಲು ಪರ್ಮಿಷನ್ ಸಾಲು ಹೇಗಿತ್ತು.
ಮೂರು, ಯಾರನ್ನು ಗುಂಪಿಗೆ ಸೇರಿಸಿದ್ದು, ಯಾಕೆ.
ನಾಲ್ಕು, ಯಾವಾಗ ತೆಗೆಯಬೇಕು.

ಹೆಸರು ಬರೆಯೋದು ಮುಖ್ಯ. ಮಸ್ಕಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಅಲ್ಲಿ ಪತ್ತೆ ಮಾಡಿದ ಶಾಸನದಲ್ಲಿ ಅಶೋಕ ಅನ್ನೋ ಹೆಸರು ಇತ್ತು. ದೇವಾನಾಂಪ್ರಿಯ ಅಂದ್ರೆ ಅಶೋಕನೇ ಅಂತ ಖಚಿತವಾಗಿದ್ದು ಆ ಹೆಸರಿನಿಂದ. ನಿಮ್ಮ ನೋಟ್‌ಬುಕ್‌ನಲ್ಲೂ 'ಯಾರೋ ಸೇರಿಸಿದ್ರು' ಅಂತ ಬೇಡ, ಹೆಸರಿರಲಿ.

ಪರ್ಮಿಷನ್ ಎಲ್ಲ ಸರಿಯಿದ್ದೂ ವಿಡಿಯೊ ಬರದಿದ್ರೆ ಬ್ರೌಸರ್‌ನ ವಿಳಾಸ ಪಟ್ಟಿ ನೋಡಿ. ಅದು ತನ್ನದೇ ಪರ್ಮಿಷನ್ ಬೇರೆ ಕೇಳುತ್ತೆ. ನಿಮ್ಮ ಪರದೆ ಮೇಲೆ ಬಂದ ಸಂದೇಶವನ್ನು ಅಕ್ಷರ ಬಿಡದೆ ನಮಗೆ ಕಳಿಸಿ.