ಯಂತ್ರದ ನಾಡಿಮಿಡಿತ

ಗಣಕಯಂತ್ರ ಎಣಿಸುತ್ತದೆಂದು ಎಲ್ಲರೂ ಬಲ್ಲರು. ಅದು ತಾಳಕ್ಕೆ ಸರಿಯಾಗಿ ಎಣಿಸುತ್ತದೆಂಬುದನ್ನು ಬಲ್ಲವರು ವಿರಳ. ಒಳಗಿನ ಸ್ಫಟಿಕವೊಂದರ ಕಂಪನದಿಂದ ಈ ತಾಳ ಹುಟ್ಟುತ್ತದೆ. ಅದರ ಪ್ರತಿಯೊಂದು ಮಿಡಿತಕ್ಕೂ ಪ್ರೊಸೆಸರು ಒಂದು ಹೆಜ್ಜೆ ಇಡುತ್ತದೆ. ತಯಾರಕರು ಗೊತ್ತುಪಡಿಸಿದ ವೇಗವನ್ನು ಮೀರಿ ಅದನ್ನು ಓಡಿಸುವ ಸಾಹಸಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ‘ತಾಳವನ್ನು ದ್ರುತಗೊಳಿಸುವುದು’ ಎಂದು ನಾನದನ್ನು ಕನ್ನಡಿಸಬಯಸುತ್ತೇನೆ.

ಇದಕ್ಕೆ ಪ್ರಸಿದ್ಧ ನಿದರ್ಶನ ಇಂಟೆಲ್ ಸಂಸ್ಥೆ 1998ರ ಆಗಸ್ಟಿನಲ್ಲಿ ಹೊರತಂದ ಸೆಲೆರಾನ್ 300ಎ. ಆಗ ಪ್ರೊಸೆಸರು ಒಂದು ಕಾರ್ಡಿನ ಮೇಲೆ ಕುಳಿತು ಬರುತ್ತಿತ್ತು. ಅದನ್ನು ಮದರ್‌ಬೋರ್ಡಿನ ‘ಸ್ಲಾಟ್ 1’ ಎಂಬ ಸೀಳಿಗೆ ಸಿಕ್ಕಿಸಬೇಕಾಗಿತ್ತು. ಮದರ್‌ಬೋರ್ಡಿನ ತಾಳ ಸುಮಾರು 66 ಮೆಗಾಹರ್ಟ್ಸ್, ಎಂದರೆ ಸೆಕೆಂಡಿಗೆ 6.6 ಕೋಟಿ ಮಿಡಿತ. ಪ್ರೊಸೆಸರು ಅದನ್ನು ನಾಲ್ಕೂವರೆ ಪಟ್ಟು ಮಾಡಿಕೊಂಡು 300ರ ವೇಗದಲ್ಲಿ ಓಡುತ್ತಿತ್ತು. ಈ ಗುಣಕಕ್ಕೆ ತಯಾರಕರು ಬೀಗ ಹಾಕಿದ್ದರು. ಮೂಲ ತಾಳಕ್ಕೆ ಬೀಗವಿರಲಿಲ್ಲ. ಅದನ್ನು 100ಕ್ಕೆ ಏರಿಸಿದೊಡನೆ ವೇಗ 450 ಆಗುತ್ತಿತ್ತು. ಅದಕ್ಕಿಂತ ಹಲವು ಪಟ್ಟು ಬೆಲೆಯ ಪೆಂಟಿಯಂ 2ರ ಅತ್ಯುಚ್ಚ ವೇಗವೂ ಅಷ್ಟೇ! ಕಾರ್ಡಿನ ಬಿ21 ಎಂಬ ಸಂಪರ್ಕಬಿಂದುವಿಗೆ ಟೇಪಿನ ಚೂರೊಂದನ್ನು ಅಂಟಿಸಿದರೆ, ಎಷ್ಟೋ ಮದರ್‌ಬೋರ್ಡುಗಳು ಇದು 100ರ ಕಾರ್ಡೆಂದೇ ನಂಬಿಬಿಡುತ್ತಿದ್ದವು.

ಇದು ಸಾಧ್ಯವಾದುದು ಹೇಗೆ? ಪ್ರೊಸೆಸರಿನ ಮೇಲೆ ಮುದ್ರಿಸಿದ ವೇಗ ತಯಾರಕರು ಕೊಡುವ ಭರವಸೆಯೇ ಹೊರತು ಅದರ ಶಕ್ತಿಯ ಕೊನೆಯ ಗೆರೆಯಲ್ಲ. ಅಲ್ಲದೆ ಪೆಂಟಿಯಂ 2ರಲ್ಲಿ ಕ್ಯಾಷ್ ಎಂಬ ಸಮೀಪಸ್ಮರಣೆ ಬೇರೆ ಚಿಪ್ಪುಗಳಲ್ಲಿದ್ದು ಅರ್ಧ ವೇಗದಲ್ಲಿ ನಡೆಯುತ್ತಿತ್ತು. ಸೆಲೆರಾನಿನ 128 ಕಿಲೋಬೈಟಿನ ಕ್ಯಾಷ್ ಪ್ರೊಸೆಸರಿನ ಒಡಲಲ್ಲೇ ಇದ್ದು ಅದರೊಡನೆ ಸಮವಾಗಿ ಓಡುತ್ತಿತ್ತು. 100ರ ಆಯ್ಕೆಯಲ್ಲಿಯೂ ಒಂದು ಜಾಣ್ಮೆಯಿದೆ. ಉಳಿದ ಕಾರ್ಡುಗಳು ಕೂರುವ ಪಿಸಿಐ ಮಾರ್ಗಕ್ಕೆ 33 ಮೆಗಾಹರ್ಟ್ಸ್ ಬೇಕು. 100ನ್ನು ಮೂರರಿಂದ ಭಾಗಿಸಿದರೆ ಅದು ದೊರೆಯುತ್ತದೆ. ಮೂಲ ತಾಳವನ್ನು 83ಕ್ಕೆ ನಿಲ್ಲಿಸಿ ಎರಡರಿಂದ ಭಾಗಿಸಿದರೆ ಆ ಮಾರ್ಗ 41ನ್ನು ಮೀರುತ್ತದೆ. ಆಗ ಪ್ರೊಸೆಸರು ತಾಳಿಕೊಂಡರೂ ಡಿಸ್ಕು ತಡವರಿಸಬಹುದು.

ಅಪಾಯದ ಮಾತಿಗೆ ಬರೋಣ. ವೇಗ ಏರಿದಷ್ಟೂ ಶಾಖ ಏರುತ್ತದೆ; ವೇಗಕ್ಕೆಂದು ವೋಲ್ಟೇಜನ್ನೂ ಏರಿಸಿದರೆ ಶಾಖ ಅದರ ವರ್ಗಕ್ಕನುಗುಣವಾಗಿ ಬೆಳೆಯುತ್ತದೆ. ಆದರೆ ಯಂತ್ರ ಕಾದು ನಿಂತುಹೋಗುವುದಕ್ಕಿಂತ ಘೋರವಾದುದು ಅದು ನಿಲ್ಲದೆ ತಪ್ಪುವುದು. ಒಂದು ಹೆಜ್ಜೆಯ ಫಲ ಸ್ಥಿರಗೊಳ್ಳುವ ಮುನ್ನವೇ ಮುಂದಿನ ಮಿಡಿತ ಬಂದರೆ ಸೊನ್ನೆ ಒಂದಾದೀತು, ಒಂದು ಸೊನ್ನೆಯಾದೀತು. ಅವಸರದ ಲಿಪಿಕಾರ ಓಲೆಯಲ್ಲಿ ಒಂದಕ್ಷರ ಬಿಟ್ಟರೆ ಮುಂದಿನ ಪ್ರತಿಗಳೆಲ್ಲ ಆ ತಪ್ಪನ್ನೇ ಹೊತ್ತು ಬರುವುದನ್ನು ಗ್ರಂಥಸಂಪಾದಕರು ಬಲ್ಲರು. ಇದೂ ಅಂಥದೇ.

ಆದುದರಿಂದಲೇ ಅನುಭವಿಗಳು ಪ್ರೈಮ್95ರಂಥ ಲೆಕ್ಕದ ತಂತ್ರಾಂಶವನ್ನು ಗಂಟೆಗಟ್ಟಲೆ ಓಡಿಸಿ, ಫಲಿತಾಂಶವನ್ನು ಮೊದಲೇ ತಿಳಿದ ಉತ್ತರದೊಡನೆ ತಾಳೆನೋಡುತ್ತಾರೆ. ಹಳೆಯ ಯಂತ್ರದಲ್ಲಿ ಆಟವಾಡುವವರು ಈ ಸಾಹಸವನ್ನು ಧಾರಾಳವಾಗಿ ಮಾಡಲಿ. ಅದರಲ್ಲಿ ತಮ್ಮ ಬರಹದ ಏಕೈಕ ಪ್ರತಿಯನ್ನಿಟ್ಟವರು ಮಾತ್ರ ಮೊದಲು ಅದರ ನಕಲನ್ನು ಬೇರೆಡೆ ಇರಿಸಿ, ಅನಂತರ ತಾಳಕ್ಕೆ ಕೈಹಾಕಲಿ.