ಹತ್ತು ಮನೆಗಳ ಸಂಘ, ಒಂದು ಓಣಿಯ ಬಾಳು

ನೆರೆಹೊರೆ ಎಂಬುದು ನಮ್ಮ ಹಿರಿಯರ ಪಾಲಿಗೆ ಬರಿಯ ಮಾತಾಗಿರಲಿಲ್ಲ, ದಿನನಿತ್ಯದ ಅಗತ್ಯವಾಗಿತ್ತು. ಒಲೆ ಹೊತ್ತಿಸಲು ಕೆಂಡ, ಹಾಲಿಗೆ ಹೆಪ್ಪು, ಬಿತ್ತನೆಗೆ ಕೂರಿಗೆ, ಒಂಟಿ ಎತ್ತಿಗೆ ಜೊತೆಯೆತ್ತು ಇವೆಲ್ಲವೂ ಪಕ್ಕದ ಮನೆಯಿಂದಲೇ ಬರಬೇಕಾಗಿದ್ದವು. ಇಂದು ಇವರ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ಇವರು ಎಂಬ ಮುಯ್ಯಾಳಿನ ಪದ್ಧತಿ ಊರಿನ ದುಡಿಮೆಯನ್ನು ಒಂದು ಹಗ್ಗದಂತೆ ಹೊಸೆದಿತ್ತು. ಈಗ ಅಡುಗೆಮನೆಗೆ ಅನಿಲ ಬಂದಿದೆ, ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ, ಮೊಸರು ಅಂಗಡಿಯ ಪೊಟ್ಟಣದಲ್ಲಿ ದೊರೆಯುತ್ತದೆ. ಇದಕ್ಕಾಗಿ ನಾವು ಮರುಗಬೇಕಾಗಿಲ್ಲ. ನಮ್ಮ ತಾಯಂದಿರ ಬೆನ್ನಿನ ಭಾರ ಇದರಿಂದ ಇಳಿದಿದೆ. ಆದರೆ ಒಂದು ಸಂಗತಿಯನ್ನು ಒಪ್ಪಲೇಬೇಕು. ನೆರೆಮನೆ ದೂರವಾದದ್ದು ಹಗೆಯಿಂದಲ್ಲ, ಅದರ ಅಗತ್ಯ ಕಡಿಮೆಯಾದುದರಿಂದ.

ಹಾಗಾದರೆ ಒಬ್ಬರಿಗೊಬ್ಬರು ಬೇಕಾಗುವಂತಹ ಹೊಸ ಕಾರಣವನ್ನು ಕಟ್ಟಿಕೊಳ್ಳುವುದು ಸಾಧ್ಯವೇ? ಕಳೆದ ನಾಲ್ಕು ದಶಕಗಳಲ್ಲಿ ನಮ್ಮ ನಾಡಿನ ಹಳ್ಳಿಹಳ್ಳಿಗಳಲ್ಲಿ, ಪಟ್ಟಣದ ಓಣಿಗಳಲ್ಲಿ ಬೆಳೆದು ನಿಂತಿರುವ ಸ್ವಸಹಾಯ ಸಂಘಗಳು ಈ ಪ್ರಶ್ನೆಗೆ ಸಾಧ್ಯವೆಂದೇ ಉತ್ತರಿಸಿವೆ. ಲಾಭವನ್ನು ಗುರಿಯಾಗಿರಿಸಿಕೊಳ್ಳದ ಸೇವಾಸಂಸ್ಥೆಗಳ ಆಸರೆಯಲ್ಲಿ ಹುಟ್ಟಿದ ಈ ಸಂಘಗಳ ಕಥೆಯನ್ನು ನಮ್ಮ ಕುಟುಂಬಗಳು ತಿಳಿದಿರುವುದು ಒಳ್ಳೆಯದು. ಏಕೆಂದರೆ ಅವುಗಳ ಹೆಸರಿನಲ್ಲಿಯೇ ಇಂದು ಬೇರೊಂದು ಬಗೆಯ ವ್ಯವಹಾರವೂ ನಮ್ಮ ಹೊಸ್ತಿಲಿಗೆ ಬಂದು ನಿಂತಿದೆ.

ಕಣಗಿನಹಾಳದ ಹಾದಿ

ಕೂಡಿ ಉಳಿಸಿ ಕೂಡಿ ಬಾಳುವ ವಿಚಾರ ನಮಗೆ ಹೊರಗಿನಿಂದ ಬಂದ ಹೊಸದೇನಲ್ಲ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ದೇಶದ ಕೃಷಿ ಸಹಕಾರ ಚಳವಳಿಯ ಮೊದಲ ಹೆಜ್ಜೆಯೆಂದು ಆ ಊರು ಇಂದಿಗೂ ಗೌರವ ಪಡೆದಿದೆ. ಬಿತ್ತನೆಯ ಕಾಲಕ್ಕೆ ಸಾಲ ಮಾಡಿ, ಸುಗ್ಗಿಯ ಕಾಲಕ್ಕೆ ಬೆಳೆಯನ್ನೇ ಸಾಹುಕಾರನಿಗೆ ಅಳೆದುಕೊಟ್ಟು ಬರಿಗೈಯಲ್ಲಿ ಮನೆಗೆ ಮರಳುತ್ತಿದ್ದ ಒಕ್ಕಲುಮಕ್ಕಳಿಗೆ, ನಮ್ಮ ಹಣ ನಮ್ಮೂರಲ್ಲಿಯೇ ತಿರುಗಲಿ ಎಂಬ ವಿಚಾರ ದೊಡ್ಡ ಧೈರ್ಯವನ್ನು ನೀಡಿತು.

ಮುಂದೆ ಸಹಕಾರ ಸಂಘಗಳು ದೊಡ್ಡದಾಗಿ ಬೆಳೆದವು. ಸಂಘ ದೊಡ್ಡದಾದಷ್ಟೂ ಸದಸ್ಯನಿಗೂ ಸಂಘಕ್ಕೂ ಇರುವ ಅಂತರ ಹೆಚ್ಚುವುದು ಸಹಜ. ನೂರಾರು ಸದಸ್ಯರಿರುವ ಸಂಘದಲ್ಲಿ ಮಾತು ಬಲ್ಲವರದೇ ಮೇಲುಗೈಯಾಗುತ್ತದೆ; ಕೂಲಿ ಮಾಡುವ ತಾಯಿಯೊಬ್ಬಳು ಎದ್ದು ನಿಂತು ತನಗೆ ಐನೂರು ರೂಪಾಯಿ ಬೇಕೆಂದು ಕೇಳುವುದು ಅಲ್ಲಿ ಸುಲಭವಲ್ಲ. ಈ ಕೊರತೆಯನ್ನು ತುಂಬಿದ ಪ್ರಯತ್ನವೂ ನಮ್ಮ ನಾಡಿನಲ್ಲಿಯೇ ಮೊಳೆಯಿತೆಂಬುದು ಅಭಿಮಾನದ ಸಂಗತಿ.

ಒಡೆದ ಸಂಘದಿಂದ ಹುಟ್ಟಿದ ಸಂಘ

ಬೆಂಗಳೂರಿನಲ್ಲಿ 1968ರಲ್ಲಿ ಆರಂಭವಾದ ಮೈರಾಡ ಎಂಬ ಸೇವಾಸಂಸ್ಥೆ ಮೊದಲು ಟಿಬೆಟಿನ ನಿರಾಶ್ರಿತರ ಪುನರ್ವಸತಿಯ ಕಾರ್ಯದಲ್ಲಿ ತೊಡಗಿತ್ತು. ಅನಂತರ ಅದು ಬಡ ಗ್ರಾಮೀಣ ಕುಟುಂಬಗಳ ಕಡೆಗೆ ತಿರುಗಿ, ಅವರಿಗಾಗಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತು. 1980ರ ದಶಕದ ನಡುವಿನಲ್ಲಿ ಅವುಗಳಲ್ಲಿ ಹಲವು ಒಡೆದುಹೋದವು. ಆಗ ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಸಂಸ್ಥೆಯ ಬಳಿಗೆ ಬಂದು, ದೊಡ್ಡ ಸಂಘದಲ್ಲಿ ತಮಗೆ ನಂಬಿಕೆಯಿಲ್ಲವೆಂದೂ ಪಡೆದ ಸಾಲವನ್ನು ನೇರವಾಗಿ ಸಂಸ್ಥೆಗೇ ಮರಳಿಸುವೆವೆಂದೂ ತಿಳಿಸಿದರು. ಆ ಹಣವನ್ನು ತನಗೆ ಕೊಡುವ ಬದಲು ನಿಮ್ಮ ನಿಮ್ಮ ಗುಂಪಿನಲ್ಲಿಯೇ ಕೂಡಿಸಿಟ್ಟು ನಿಮ್ಮ ಅಗತ್ಯಗಳಿಗೆ ಬಳಸಿಕೊಳ್ಳಿ ಎಂಬ ಸಲಹೆಯನ್ನು ಸಂಸ್ಥೆ ಮುಂದಿಟ್ಟಿತು. ಆ ಗುಂಪುಗಳೇ ಸ್ವಸಹಾಯ ಸಂಘಗಳ ಮೊದಲ ರೂಪ. 1986-87ರ ವೇಳೆಗೆ ಮೈರಾಡದ ಕಾರ್ಯಕ್ಷೇತ್ರದಲ್ಲಿ ಸುಮಾರು 300 ಗುಂಪುಗಳಿದ್ದವು.

ಈ ಗುಂಪುಗಳನ್ನು ಹಿಡಿದಿಟ್ಟ ಶಕ್ತಿ ಯಾವುದು? ಆ ಕಾಲದಲ್ಲಿ ಸಂಸ್ಥೆಯ ನೇತೃತ್ವ ವಹಿಸಿದ್ದ ಆಲೋಷಿಯಸ್ ಫರ್ನಾಂಡಿಸ್ ಅವರು ಅದನ್ನು ಜನರಲ್ಲಿ ಮೊದಲೇ ಇರುವ ಪರಸ್ಪರ ಒಲವು ಎಂದು ಗುರುತಿಸಿದರು. ಸಂಸ್ಥೆ ಆ ಒಲವನ್ನು ಹುಟ್ಟಿಸಲಾರದು. ಇರುವುದನ್ನು ಕಂಡು ಅದಕ್ಕೊಂದು ಕ್ರಮವನ್ನು ಕೊಡಬಲ್ಲದು. ಯಾರು ಯಾರ ಜೊತೆ ಕೂಡಬೇಕೆಂಬುದನ್ನು ಮೇಲಿನವರು ಪಟ್ಟಿ ಮಾಡಿ ಹೇಳದೆ ಜನರೇ ಆಯ್ದುಕೊಂಡುದರಲ್ಲಿ ಈ ಪ್ರಯೋಗದ ಸತ್ವ ಅಡಗಿದೆ.

1987ರಲ್ಲಿ ನಬಾರ್ಡ್ ಸಂಸ್ಥೆಯು ಈ ಗುಂಪುಗಳ ಉಳಿತಾಯಕ್ಕೆ ಸರಿದೂಗುವ ನೆರವಾಗಿ 10 ಲಕ್ಷ ರೂಪಾಯಿಗಳನ್ನು ಮೈರಾಡಕ್ಕೆ ನೀಡಿತು. 1992ರಲ್ಲಿ ದೇಶದಾದ್ಯಂತ 500 ಸಂಘಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಯೋಜನೆ ಆರಂಭವಾಯಿತು. ಒತ್ತೆಯಿಡಲು ಒಡವೆಯಿಲ್ಲದ, ಹೆಸರಿಗೆ ಹೊಲವಿಲ್ಲದ ಹೆಣ್ಣುಮಗಳ ಮಾತಿಗೆ, ಆಕೆಯ ಸಂಘದ ಲೆಕ್ಕದ ಪುಸ್ತಕವನ್ನು ನೋಡಿ ಬ್ಯಾಂಕು ಸಾಲ ಕೊಡುವ ಕಾಲ ಬಂದಿತು. ನಮ್ಮ ರಾಜ್ಯ ಸರ್ಕಾರವು 2000-01ರಲ್ಲಿ ಸ್ತ್ರೀಶಕ್ತಿ ಯೋಜನೆಯನ್ನು ಜಾರಿಗೆ ತಂದು, ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಈ ಮಾದರಿಯನ್ನು ಊರೂರಿಗೆ ಮುಟ್ಟಿಸಿತು.

ವಾರದ ಸಭೆಯ ಮಹತ್ವ

ಹೊರನೋಟಕ್ಕೆ ಸಂಘದ ಸಭೆ ಬಹಳ ಸರಳವಾದುದು. ಹತ್ತರಿಂದ ಇಪ್ಪತ್ತು ಮಂದಿ ವಾರಕ್ಕೊಮ್ಮೆ ಒಂದು ಮನೆಯ ಪಡಸಾಲೆಯಲ್ಲಿಯೋ ಗುಡಿಯ ಕಟ್ಟೆಯ ಮೇಲೆಯೋ ವೃತ್ತಾಕಾರವಾಗಿ ಕೂರುತ್ತಾರೆ. ಉಳಿತಾಯದ ಹಣ ನಡುವೆ ಇರುವ ಪೆಟ್ಟಿಗೆಗೆ ಬೀಳುತ್ತದೆ. ಕೊಟ್ಟವರ ಹೆಸರು ಎಲ್ಲರೆದುರು ಪುಸ್ತಕಕ್ಕೆ ಏರುತ್ತದೆ. ಅನೇಕ ಸಂಘಗಳಲ್ಲಿ ಪೆಟ್ಟಿಗೆ ಒಬ್ಬರ ಮನೆಯಲ್ಲಿದ್ದರೆ ಕೀಲಿಕೈ ಇನ್ನೊಬ್ಬರ ಮನೆಯಲ್ಲಿರುತ್ತದೆ. ಆಮೇಲೆ ಸಾಲದ ಮಾತು. ಯಾರಿಗೆ, ಎಷ್ಟು, ಏತಕ್ಕೆ ಎಂಬುದನ್ನು ಅವರೇ ಚರ್ಚಿಸಿ ಠರಾವು ಮಾಡುತ್ತಾರೆ.

ಲೆಕ್ಕವನ್ನು ಉದಾಹರಣೆಯಾಗಿ ನೋಡೋಣ. 15 ಮಂದಿ ತಾಯಂದಿರು ವಾರಕ್ಕೆ 20 ರೂಪಾಯಿಯಂತೆ ಉಳಿಸಿದರೆ ವಾರಕ್ಕೆ 300, ವರ್ಷದ 52 ವಾರಗಳಿಗೆ 15,600 ರೂಪಾಯಿ ಕೂಡುತ್ತದೆ. ಈಗ ಒಬ್ಬಾಕೆಗೆ 10,000 ರೂಪಾಯಿ ಬೇಕಾಯಿತೆನ್ನಿ. ಹೊರಗಿನ ಲೇವಾದೇವಿಯವನಲ್ಲಿ ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿಯಾದರೆ ವರ್ಷಕ್ಕೆ 6,000 ರೂಪಾಯಿ ಓಣಿಯಿಂದ ಆಚೆಗೆ ಹೋಗುತ್ತದೆ. ಸಂಘದಲ್ಲಿ ನೂರಕ್ಕೆ 2 ರೂಪಾಯಿಯಂತೆ ಹಿಡಿದರೂ ಬಡ್ಡಿ 2,400 ರೂಪಾಯಿ; ಅದೂ ಅದೇ ಪೆಟ್ಟಿಗೆಗೆ ಮರಳುತ್ತದೆ, ಅದರಲ್ಲಿ ಸಾಲ ಪಡೆದವಳಿಗೂ ಪಾಲಿರುತ್ತದೆ. ಹನಿ ಕೂಡಿ ಹಳ್ಳವಾಗುವುದು ಹೀಗೆಯೇ ಅಲ್ಲವೇ?

ಆದರೆ ಹಣಕ್ಕಿಂತ ಹೆಚ್ಚಿನದೊಂದು ಅಲ್ಲಿ ಕೂಡುತ್ತದೆಯೆಂಬುದು ನಮ್ಮ ಅನಿಸಿಕೆ. ಸಾಲ ಕೇಳುವವಳು ತನ್ನ ಮನೆಯ ಕಷ್ಟವನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಮಗುವಿಗೆ ಜ್ವರ, ಗಂಡನಿಗೆ ಕೆಲಸವಿಲ್ಲ, ಮಗಳ ಶಾಲೆಯ ಶುಲ್ಕ ಬಾಕಿ ಎಂಬ ಮಾತುಗಳು ವಾರವಾರವೂ ಕಿವಿಗೆ ಬಿದ್ದಾಗ, ಪಕ್ಕದ ಮನೆಯ ಬಾಗಿಲ ಹಿಂದೆ ಏನು ನಡೆದಿದೆಯೆಂಬುದು ಕೇಳುವವರಿಗೆ ತಿಳಿಯುತ್ತದೆ. ಒಬ್ಬಾಕೆ ಎರಡು ವಾರ ಸಭೆಗೆ ಬಾರದಿದ್ದರೆ ಮೂರನೆಯ ವಾರ ಅವಳ ಮನೆಗೆ ನಾಲ್ಕು ಮಂದಿ ಹೋಗಿ ವಿಚಾರಿಸುತ್ತಾರೆ. ನೆರೆಹೊರೆಯೆಂದರೆ ಈ ವಿಚಾರಣೆಯೇ.

ಗಂಡಸರ ದುಡಿಮೆಯಲ್ಲಿಯೂ ಇಂತಹ ಪ್ರಯತ್ನಗಳು ನಡೆದಿವೆ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ತಂಡಗಳಲ್ಲಿ, ಕೆಲವೇ ಮಂದಿ ಸಣ್ಣ ರೈತರು ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಮೀನಿನಲ್ಲಿ ಕೂಡಿ ದುಡಿಯುತ್ತಾರೆ. ಮರೆಯಾಗುತ್ತಿದ್ದ ಮುಯ್ಯಾಳಿಗೆ ಇದು ಹೊಸ ಹುಟ್ಟು.

ಅದೇ ವೃತ್ತ, ಬೇರೆ ನ್ಯಾಯ

ಇಲ್ಲಿ ನಮ್ಮ ಓದುಗರು ಎಚ್ಚರದಿಂದ ಗಮನಿಸಬೇಕಾದ ವಿಷಯವೊಂದಿದೆ. ಕಿರುಸಾಲ ನೀಡುವ ಕಂಪನಿಗಳೂ ಹತ್ತು ಮಂದಿ ಹೆಣ್ಣುಮಕ್ಕಳನ್ನು ಹೀಗೆಯೇ ವೃತ್ತಾಕಾರವಾಗಿ ಕೂರಿಸುತ್ತವೆ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ. ಆದರೆ ಅಲ್ಲಿ ಹಣ ಅವರದಲ್ಲ, ತೀರ್ಮಾನ ಅವರದಲ್ಲ, ಬಡ್ಡಿ ಅವರಿಗೆ ಮರಳುವುದಿಲ್ಲ. ಅವರ ಪಾಲಿಗೆ ಬರುವುದು ಹೊಣೆಗಾರಿಕೆ ಮಾತ್ರ. ಒಬ್ಬಾಕೆ ಕಂತು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಅಂತಹ ಗುಂಪಿನಲ್ಲಿ ನೆರೆಯವಳ ಕಷ್ಟ ಕನಿಕರವನ್ನು ಹುಟ್ಟಿಸುವುದಕ್ಕೆ ಬದಲಾಗಿ ಕೋಪವನ್ನು ಹುಟ್ಟಿಸುತ್ತದೆ. ಸಾಲಕ್ಕೆ ಸಾಲ ಸೇರಿ, ಒಂದರ ಕಂತಿಗೆ ಇನ್ನೊಂದನ್ನು ತಂದು, ಕೊನೆಗೆ ಯಾರ ಮುಖವನ್ನು ಯಾರೂ ನೋಡಲಾಗದ ಸ್ಥಿತಿ ಬರುತ್ತದೆ.

2025ರ ಜನವರಿಯಲ್ಲಿ ಚಾಮರಾಜನಗರವೇ ಮೊದಲಾದ ಜಿಲ್ಲೆಗಳಲ್ಲಿ ವಸೂಲಿಯ ಕಾಟಕ್ಕೆ ಅಂಜಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ನಾಡನ್ನೇ ಕಲಕಿತು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನು ಹೊರಡಿಸಿ, ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆಮನೆ ಮತ್ತು 5 ಲಕ್ಷ ರೂಪಾಯಿಗಳವರೆಗೆ ದಂಡವನ್ನು ವಿಧಿಸಬಹುದೆಂದು ಸಾರಿತು. ಕಾಯಿದೆ ಬೇಕು, ನಿಜ. ಆದರೆ ಬೀಗ ಬಿದ್ದ ಮನೆಯ ಎಡಬಲದ ಮನೆಯವರು ಮೊದಲೇ ಒಂದು ಗಟ್ಟಿಯಾದ ಸಂಘವಾಗಿದ್ದರೆ ಆ ಬೀಗ ಬೀಳುತ್ತಿತ್ತೇ ಎಂಬ ಪ್ರಶ್ನೆಯೂ ನಮ್ಮನ್ನು ಕಾಡಬೇಕು.

ನಮ್ಮ ಪಡಸಾಲೆಯ ಪ್ರಶ್ನೆ

ಇನ್ನೊಂದು ಮಾತನ್ನು ಹೇಳದೆ ಈ ಲೇಖನ ಪೂರ್ಣವಾಗದು. ಒಲವಿನಿಂದ ಕೂಡಿದ ಗುಂಪು ಎಂದಾಗ, ಒಂದೇ ಕೇರಿಯ, ಒಂದೇ ಜಾತಿಯ ಗುಂಪಾಗಿ ಅದು ಉಳಿದುಬಿಡುವ ಅಪಾಯವಿದೆ. ನಮ್ಮ ಊರುಗಳಲ್ಲಿ ಅನೇಕ ಸಂಘಗಳು ಹಾಗೆಯೇ ಇವೆ. ಹನ್ನೆರಡನೆಯ ಶತಮಾನದಲ್ಲಿ ಕಾಯಕ ಮಾಡುವವರೆಲ್ಲರನ್ನೂ ಒಂದೇ ನೆಲದ ಮೇಲೆ ಕೂರಿಸಿದ ಶರಣರ ಹೆಸರನ್ನು ಹೇಳುವ ನಾವು, ಕೇರಿಯಾಚೆಯ ತಾಯಿಯೊಬ್ಬಳು ನಮ್ಮ ಪಡಸಾಲೆಯ ಚಾಪೆಯ ಮೇಲೆ ಸಮನಾಗಿ ಕುಳಿತು ಲೆಕ್ಕ ಕೇಳುವುದನ್ನು ಸಂತೋಷದಿಂದ ಕಾಣುವೆವೇ? ಎರಡು ಕೇರಿಗಳ ಸಂಘಗಳು ತಿಂಗಳಿಗೊಮ್ಮೆಯಾದರೂ ಒಟ್ಟಿಗೆ ಸೇರಿ, ಊರಿನ ನೀರು, ಶಾಲೆ, ಅಂಗನವಾಡಿಗಳ ವಿಚಾರವನ್ನು ಮಾತನಾಡಿದರೆ ಮೊದಲ ಹೆಜ್ಜೆ ಇಟ್ಟಂತಾಗುತ್ತದೆ.

ಸಂಘ ಕಟ್ಟುವವರು ಐದು ಸೂತ್ರಗಳನ್ನು ಮರೆಯಲಾಗದು: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಗೊಳಗಿನ ಸಾಲ, ಸಕಾಲದ ಮರುಪಾವತಿ, ಸರಿಯಾದ ಲೆಕ್ಕ. ಇವುಗಳೊಂದಿಗೆ ನಾವು ಮನೆಯವರಿಗೆ ಮೂರು ಬಿನ್ನಹಗಳನ್ನು ಮಾಡುತ್ತೇವೆ. ಮೊದಲನೆಯದಾಗಿ, ಪುಸ್ತಕ ಬರೆಯಬಲ್ಲವರು ಒಬ್ಬರೇ ಆಗದಿರಲಿ. ಓದಿದ ಸೊಸೆಯೋ ಮಗಳೋ ಓದದವರಿಗೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳಲಿ. ಎರಡನೆಯದಾಗಿ, ಸಂಘದ ಮುಂದಾಳುತನ ವರ್ಷವರ್ಷಕ್ಕೂ ಕೈ ಬದಲಾಗಲಿ. ಮೂರನೆಯದಾಗಿ, ಗಂಡಸರು ತಮ್ಮ ಅಗತ್ಯಕ್ಕಾಗಿ ಹೆಂಡತಿಯ ಹೆಸರಿನಲ್ಲಿ ಸಾಲ ತೆಗೆಸಿ ಕಂತಿನ ದಿನ ಕಾಣೆಯಾಗುವ ಚಾಳಿಯನ್ನು ಬಿಡಲಿ. ಸಭೆಯಲ್ಲಿ ತಲೆ ತಗ್ಗಿಸುವವಳು ಆಕೆಯಲ್ಲವೇ?

ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದ ಮಾರಯ್ಯನಿಗೆ, ಅದನ್ನು ಅಲ್ಲಿಯೇ ಸುರಿದು ಬರುವಂತೆ ತಿಳಿಹೇಳಿದ ಲಕ್ಕಮ್ಮನ ಕಥೆಯನ್ನು ಬಲ್ಲ ಮನೆತನಗಳು ನಮ್ಮವು. ಸಾಲದ ವಿಷಯದಲ್ಲಿಯೂ ಆ ವಿವೇಕ ನಮಗೆ ದಾರಿದೀಪವಾಗಬೇಕು. ಅಗತ್ಯವಿದ್ದಷ್ಟು ಪಡೆಯುವುದು, ಪಡೆದುದನ್ನು ಮರಳಿಸುವುದು, ಮರಳಿಸಲಾಗದವರ ಕೈಹಿಡಿಯುವುದು, ಇವು ಮೂರೂ ಕೂಡಿದಲ್ಲಿ ಸಂಘ ಬಾಳುತ್ತದೆ. ನಮ್ಮ ಓಣಿಯಲ್ಲಿ ಅಂತಹದೊಂದು ಸಂಘವಿದ್ದರೆ ಈ ವಾರದ ಸಭೆಗೆ ಮನೆಯ ಹೆಣ್ಣುಮಕ್ಕಳನ್ನು ಬಿಡುವು ಮಾಡಿಕೊಟ್ಟು ಕಳುಹಿಸೋಣ. ಇಲ್ಲವಾದರೆ, ನೆರೆಯ ಹತ್ತು ಮನೆಗಳ ಬಾಗಿಲನ್ನು ನಾವೇ ಮೊದಲು ತಟ್ಟೋಣ.