ಸುಟ್ಟ ಸಾಕೆಟ್ಟು ಕಲಿಸಿದ ಲೆಕ್ಕ

ಬೆಳಗಿನ ಬುಲೆಟಿನ್‌ಗೆಂದು ನಾಲ್ಕು ಗಂಟೆಗೆ ಎದ್ದು ಕೆಳಗಿಳಿದರೆ ಪ್ಲಾಸ್ಟಿಕ್ ಸುಟ್ಟ ವಾಸನೆ. ರಾತ್ರಿ ಹಾಕಿದ್ದ ಚಾರ್ಜು ಅರ್ಧಕ್ಕೇ ನಿಂತಿತ್ತು, ಸಾಕೆಟ್ ಕಪ್ಪಾಗಿತ್ತು. ಗೋಡೆಯ ಆಚೆ ಅಪ್ಪ ಮಲಗಿದ್ದರು. ನಾನು ಎಂಜಿನಿಯರಿಂಗ್ ಓದಿದವನು ಬೇರೆ! ಒಳಗಿನ ಸ್ಕ್ರೂ ಸಡಿಲವಾಗಿದ್ದನ್ನು ಎಲೆಕ್ಟ್ರಿಷಿಯನ್ ಎರಡೇ ನಿಮಿಷದಲ್ಲಿ ತೋರಿಸಿದ.

ಹಾಗಾಗಿ 'ಗೋಡೆಗೆ ವಾಲ್‌ಬಾಕ್ಸ್ ಹಾಕಿಸ್ಬೇಕಾ, ಪೋರ್ಟಬಲ್ ಚಾರ್ಜರೇ ಸಾಕಾ?' ಅಂತ ಯಾರಾದರೂ ಕೇಳಿದರೆ ನನ್ನ ಮೊದಲ ಪ್ರಶ್ನೆ ಒಂದೇ. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ?

ಗೀಸರಿಗೆ ಹಾಕ್ತೀವಲ್ಲ, ಆ 15 ಆಂಪಿಯರ್ ಸಾಕೆಟ್ಟಿನಿಂದ ಪೋರ್ಟಬಲ್ ಚಾರ್ಜರ್ ಸುಮಾರು 3.3 ಕಿಲೋವ್ಯಾಟ್ ಎಳೆಯುತ್ತದೆ. ಸಣ್ಣ ಕಾರು 40 ಕಿಲೋಮೀಟರ್ ಓಡಲು ಆರೇಳು ಯೂನಿಟ್ ಬೇಕು. ಅಂದರೆ ಎರಡು ಗಂಟೆಯ ಕೆಲಸ. ವಾಲ್‌ಬಾಕ್ಸ್ 32 ಆಂಪಿಯರಿನಲ್ಲಿ 7.2 ಕಿಲೋವ್ಯಾಟ್ ಕೊಡುತ್ತದೆ, ನಿಜ. ಖಾಲಿಯಾದ 30 ಯೂನಿಟ್ ಬ್ಯಾಟರಿ ಹತ್ತು ಗಂಟೆಯ ಬದಲು ಐದು ಗಂಟೆಯೊಳಗೆ ತುಂಬೀತು. ಆದರೆ ಕಾರಿನೊಳಗಿನ ಚಾರ್ಜರ್ 3.3 ಕಿಲೋವ್ಯಾಟಿನದೇ ಆಗಿದ್ದರೆ? ಗೋಡೆಯ ಮೇಲೆ ಏನೇ ನೇತುಹಾಕಿ, ಅದು ಅಷ್ಟೇ ಕುಡಿಯೋದು. ಶೋರೂಮಿನಲ್ಲಿ ಈ ಪ್ರಶ್ನೆ ಕೇಳುವವರೇ ಕಡಿಮೆ.

ಇನ್ನು ಕರೆಂಟ್ ಬಿಲ್ ತೆಗೆದು ಮಂಜೂರಾದ ಲೋಡ್ ನೋಡಿ. 3 ಕಿಲೋವ್ಯಾಟ್ ಅಂತಿದ್ದರೆ ವಾಲ್‌ಬಾಕ್ಸಿಗೆ ಮೊದಲು ಲೋಡ್ ಹೆಚ್ಚಿಸಿಕೊಳ್ಳಬೇಕು. ಕಾರು ಓಡಲಿ ಬಿಡಲಿ, ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಬಾಡಿಗೆ ಮನೆಯಾದರಂತೂ ಓನರ್ ಗೋಡೆ ಕೊರೆಯಲು ಬಿಡಬೇಕಲ್ಲ! ದಿನಕ್ಕೆ ನೂರೈವತ್ತು ಕಿಲೋಮೀಟರ್ ಓಡಿಸುವವರು, ಮನೇಲಿ ಎರಡು ಎಲೆಕ್ಟ್ರಿಕ್ ಕಾರು ಇರುವವರು ವಾಲ್‌ಬಾಕ್ಸ್ ಹಾಕಿಸಲಿ. ಪೋರ್ಟಬಲ್ ಆದರೆ ಡಿಕ್ಕಿಯಲ್ಲಿಟ್ಟುಕೊಂಡು ಊರಿಗೂ ಒಯ್ಯಬಹುದು.

ಹಾಗಂತ ಪೋರ್ಟಬಲ್ ಅಂದರೆ ಎಲ್ಲಿ ಬೇಕಾದರೂ ಚುಚ್ಚೋದಲ್ಲ. ಗೀಸರ್ ಹದಿನೈದು ನಿಮಿಷ ಉರಿದು ಆರುತ್ತದೆ, ಕಾರು ಗಂಟೆಗಟ್ಟಲೆ ಎಳೆಯುತ್ತದೆ. ಸಂಪರ್ಕ ಸಡಿಲವಾದ ಕಡೆ ಶಾಖ ಕರೆಂಟಿನ ವರ್ಗದಷ್ಟು ಏರುತ್ತದೆ: ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಮೀಟರ್ ಬೋರ್ಡಿನಿಂದ ಪ್ರತ್ಯೇಕ 4 ಚದರ ಮಿಲಿಮೀಟರ್ ತಾಮ್ರದ ವೈರು, ಅದಕ್ಕೇ ಒಂದು ಎಂಸಿಬಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್. ಇಷ್ಟು ಬೇಕೇ ಬೇಕು.

ನಾನು ಪೋರ್ಟಬಲ್ಲನ್ನೇ ಇಟ್ಟುಕೊಂಡು ಹೊಸ ಲೈನ್ ಎಳೆಸಿದೆ. ಅಪ್ಪ ಈಗಲೂ ಮಲಗುವ ಮುಂಚೆ ಬಂದು ಪ್ಲಗ್ಗಿನ ಮೇಲೆ ಕೈಯಿಟ್ಟು ನೋಡ್ತಾರೆ, ಬಿಸಿ ಆಗಿದೆಯಾ ಅಂತ. ನಾನೂ ಬೇಡ ಅನ್ನೋಕೆ ಹೋಗಿಲ್ಲ.